ನಿಂತೇ ದಣಿವಾರಿಸಿದವಳು

ನನ್ನ ನೂಡಲ್ಸ್ ಅಂಗಡಿಯ ಎದುರಿಗೆ ಕೂಲಿಗಳು ಚಹಾ ಹೊತ್ತು ಬೆಟ್ಟ ದಾಟುತ್ತಿದ್ದ ಹಳೆಯ ದಾರಿಯ ವಸ್ತುಸಂಗ್ರಹಾಲಯ ಶುರುವಾದ ದಿನ, ನೆರೆಮನೆಯ ತಾನ್ ಎಂಬ ಅಜ್ಜಿ ಪೆಟ್ಟಿಗೆಯಲ್ಲಿಟ್ಟಿದ್ದ ನೀಲಿ ಅಂಗಿ ಹಾಕಿಕೊಂಡು ಬಂದಳು. ತೀರಿಹೋದ ಅವಳ ತಾಯಿಯ ಫೋಟೋ ಒಳಗಿದೆಯಂತೆ. ತಾಯಿಯದು ಬೇರೆ ಫೋಟೋ ಇರಲಿಲ್ಲ. ಅಜ್ಜಿಗೆ ಓದಲು ಬಾರದು, ನಾನೂ ಜೊತೆಗೆ ಹೋದೆ.

ಫೋಟೋದಲ್ಲಿ ತಾಯಿ ಬೆನ್ನ ಮೇಲೆ ತಲೆಗಿಂತ ಎತ್ತರದ ಚಹಾ ಕಟ್ಟು ಹೊತ್ತು, ಕೋಲನ್ನು ಹೊರೆಯ ಅಡಿಗೆ ಆನಿಸಿ ನಿಂತಿದ್ದಳು. ಅದರ ಕೆಳಗೆ, ಫೋಟೋ ತೆಗೆದ ವಿದೇಶಿ ಪ್ರವಾಸಿಯ ಮಾತು ಬರೆದಿತ್ತು. ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಅಜ್ಜಿ ತಿವಿದಳು.

"ಓದೇ! ಗಂಟಲಲ್ಲಿ ಮೆಣಸಿನಕಾಯಿ ಸಿಕ್ಕೊಂಡಿದ್ಯಾ?"

ಓದಿದೆ: 'ಹುಟ್ಟು ಸೋಮಾರಿ ಜನ. ನೂರು ಹೆಜ್ಜೆಗೊಮ್ಮೆ ನಿಂತು ಸಿಳ್ಳೆ ಹೊಡೆಯುತ್ತಾರೆ.'

ಅಜ್ಜಿ ಅಲ್ಲಿನ ಮೇಲ್ವಿಚಾರಕ ಫೂವನ್ನು ಕೂಗಿದಳು. "ಇದನ್ನ ಬರೆದೋನು ಈ ಬೆಟ್ಟ ಹೆಂಗೆ ಹತ್ತಿದ್ದ?"

"ಡೋಲಿಯಲ್ಲಿ, ಅಜ್ಜಿ."

"ನಮ್ಮೋರ ಹೆಗಲ ಮೇಲೆ ಕೂತು ನಮ್ಮನ್ನೇ ಸೋಮಾರಿ ಅಂದ್ನಾ!"

"ಅವನ ಪುಸ್ತಕ ದೇಶದೇಶದಲ್ಲಿ ಓದ್ತಾರೆ. ಅದು ದಾಖಲೆ. ನಿಮ್ಮದು ಬಾಯಿಮಾತು."

"ಹಂಗಾ? ಕೂತ್ಕೋ."

ಫೂ ನಗುತ್ತ ಮೆಟ್ಟಿಲ ಮೇಲೆ ಕುಳಿತ. ಪ್ರದರ್ಶನಕ್ಕಿಟ್ಟಿದ್ದ ಹನ್ನೆರಡು ಕಟ್ಟು ಚಹಾದ ಹೊರೆಯನ್ನು ನಾನೂ ಕಾವಲುಗಾರನೂ ಎಳೆದು ಅವನ ಬೆನ್ನಿಗೆ ಬಿಗಿದೆವು.

"ಈಗ ಏಳು," ಎಂದಳು ಅಜ್ಜಿ.

ಅವನು ಮುಂದಕ್ಕೆ ಬಾಗಿದ, ತಿಣುಕಿದ, ಅರ್ಧ ಎದ್ದು ಮತ್ತೆ ಕುಸಿದ.

"ಅಮ್ಮ ಒಂದ್ಸಲ ಕೂತ್ರೆ ಎಬ್ಬಿಸೋಕೆ ಇಬ್ಬರು ಬೇಕಿತ್ತು ಕಣೋ. ಅದಕ್ಕೇ ನಿಂತೇ ದಣಿವಾರಿಸ್ಕೊಳ್ತಿದ್ಲು. ಅದು ಸಿಳ್ಳೆ ಅಲ್ಲ, ಎದೆ ಒಡೆಯೋ ಹಂಗೆ ಬಿಡೋ ಉಸಿರು. ನಾನೂ ಹೊತ್ತಿದ್ದೀನಿ. ಆ ಮಾತು ತೆಗೆಸ್ತೀಯೋ ಇಲ್ವೋ?"

"ತೆಗೆಸ್ತೀನಿ ತಾಯಿ, ಮೊದಲು ಇದನ್ನ ಇಳಿಸಿ!"

ಮರುವಾರ ಹೋದೆವು. ಆ ಮಾತು ಅಲ್ಲೇ ಇತ್ತು. ಅದರಡಿ ಇರುವೆಯಷ್ಟು ಅಕ್ಷರದಲ್ಲಿ ಹೊಸ ಸಾಲು: 'ಸ್ಥಳೀಯ ವೃದ್ಧೆಯೊಬ್ಬರ ಅಭಿಪ್ರಾಯ ಬೇರೆ.'

"ನಮ್ಮಮ್ಮನ ಬೆನ್ನು ಅಭಿಪ್ರಾಯವಾ?" ಅಜ್ಜಿ ಚೀರಿದಳು. ಕುರ್ಚಿ ಎಳೆದು ಹತ್ತಿ ಫೋಟೋ ಇಳಿಸಿಕೊಂಡಳು.

"ಅಜ್ಜಿ, ಅದು ಆ ಪ್ರವಾಸಿ ತೆಗೆದದ್ದು!" ಫೂ ಓಡಿಬಂದ.

"ಮುಖ ಯಾರದ್ದೋ? ಅವನ ಮಾತು ನೀನೇ ಇಟ್ಕೊಂಡು ಪೂಜೆ ಮಾಡು!"

ಫೂಗೆ ನಾನು ಅಡ್ಡ ನಿಂತೆ. ಅಜ್ಜಿ ಫೋಟೋವನ್ನು ಎದೆಗವಚಿಕೊಂಡು ಬೀದಿಗಿಳಿದಳು.

ಗೋಡೆಯಲ್ಲಿ ಈಗ ಬರೀ ಮೊಳೆ, ಅದರ ಕೆಳಗೆ ಆ ಮಾತು. ಈ ಸೋಮಾರಿಗಳು ಯಾರು ಎಂದು ಬಂದವರು ಕೇಳುತ್ತಾರೆ. ಫೂ ಯಾರನ್ನೂ ತೋರಿಸಲಾರ.