ಗುಂಡ ಅಮ್ಮ ಅಂದದ್ದು

ಗುಂಡ ಹುಟ್ಟಿದ ಮೇಲೆ ಅವಳು ಬಟ್ಟೆ ಕಾರ್ಖಾನೆಯ ಕೆಲಸ ಬಿಟ್ಟಳು. ಎರಡು ಚಿಕ್ಕ ಮಕ್ಕಳನ್ನು ಬಿಟ್ಟು ದಿನವಿಡೀ ಹೇಗೆ ಹೋಗುವುದು? ಮನೆಯಲ್ಲಿ ಹೊಲಿಗೆ ಮಿಷನ್ ಇತ್ತು, ಕೈಯಲ್ಲಿ ಕಸುಬಿತ್ತು. ಹಾಸಿಗೆ ಅಂಗಡಿಯವರು ಕೌದಿಗೂ ದಿಂಬಿನ ಕವರಿಗೂ ಬಟ್ಟೆ ಕಳಿಸತೊಡಗಿದರು. ಮಕ್ಕಳು ಕಣ್ಣೆದುರಿಗೇ ಇರುತ್ತಾರಲ್ಲ, ಇನ್ನೇನು ಬೇಕು ಎಂದುಕೊಂಡಳು.

ಆದರೆ ಮಕ್ಕಳು ಇದ್ದದ್ದು ಅವಳ ಬೆನ್ನ ಹಿಂದೆ. ಬೆಳಕು ಬೇಕೆಂದು ಮಿಷನ್ನನ್ನು ಕಿಟಕಿಗೆ ಆನಿಸಿ ಇಟ್ಟಿದ್ದಳು. ಎದುರಿಗೆ ಗೋಡೆ, ಕಿಟಕಿ, ಆಚೆ ಪಕ್ಕದ ಮನೆಯವರ ಒಗೆದ ಬಟ್ಟೆ. ಹಿಂದೆ ಚಾಪೆ ತುಂಬ ಕೌದಿ ಹರಡಿರುತ್ತಿತ್ತು. ಸೂಜಿ, ಕತ್ತರಿ ಎಲ್ಲಿ ಬಿದ್ದಿರುತ್ತವೋ ಹೇಳಲಾಗದು. ಹಾಗಾಗಿ ಚಾಪೆಯ ಅಂಚು ದಾಟಿ ಮಕ್ಕಳು ಬರುವಂತಿರಲಿಲ್ಲ. ದಾಟದಂತೆ ನೋಡಿಕೊಳ್ಳುತ್ತಿದ್ದವಳು ಅವಳ ತಂಗಿ.

ಮಕ್ಕಳಾಗಲಿಲ್ಲ ಅಂತ ಗಂಡ ವಿಚ್ಛೇದನ ಕೊಟ್ಟು ಕೈಬಿಟ್ಟ ಮೇಲೆ ತಂಗಿ ಅಕ್ಕನ ಮನೆಗೆ ಬಂದಿದ್ದಳು. ನಾಲ್ಕು ದಿನ ಇದ್ದು ಹೋಗುತ್ತೇನೆ ಅಂದವಳು ಉಳಿದೇಬಿಟ್ಟಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದ ಭಾವ ಒಳ್ಳೆಯ ಮನುಷ್ಯ. ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಗುಂಡ ಹುಟ್ಟಿದಾಗ ತಾಯಿಗೆ ಜ್ವರ ಬಿಡದೆ ಕಾಡಿತು. ಕೂಸನ್ನು ಮೀಯಿಸಿದ್ದು, ಬಾಟಲಿ ಹಾಲು ಕುಡಿಸಿದ್ದು, ಎದೆಯ ಮೇಲೆ ಮಲಗಿಸಿಕೊಂಡದ್ದು ಎಲ್ಲ ತಂಗಿಯೇ. ಜ್ವರ ಬಿಟ್ಟಾಗ ಹೊಲಿಗೆ ಹಿಡಿದುಕೊಂಡಿತು.

ದೊಡ್ಡವಳು ಚಿನ್ನಿ, "ಚಿಕ್ಕಮ್ಮಾ, ಚಿಕ್ಕಮ್ಮಾ" ಅಂತ ಅವಳ ಹಿಂದೆ ಮುಂದೆ ಸುತ್ತುತ್ತಿದ್ದಳು. ಅದನ್ನು ಕೇಳಿ ಕೇಳಿ ಗುಂಡನೂ ಮಾತು ಕಲಿತ. ಪಾಪ, ಅವನ ನಾಲಿಗೆಗೆ ಅಷ್ಟುದ್ದದ ಪದ ಎಲ್ಲಿ ಹೊರಳಬೇಕು? 'ಚಿಕ್ಕ' ಅನ್ನುವುದು ಗಂಟಲಲ್ಲೇ ಉಳಿದು 'ಅಮ್ಮ' ಅನ್ನುವುದಷ್ಟೇ ಹೊರಗೆ ಬಂತು. ಹೆತ್ತವಳನ್ನು ಏನೆನ್ನಬೇಕು ಅಂತ ಅವನೇ ಯೋಚಿಸಿ ಇಟ್ಟ ಹೆಸರು 'ಟಕಟಕ'. ಮಿಷನ್ನಿಗೂ ಅದೇ ಹೆಸರು, ಮಿಷನ್ ತುಳಿಯುವವಳಿಗೂ ಅದೇ.

ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು.

"ಅಯ್ಯೋ, ಹಂಗನ್ನಬಾರದು ಕಣೋ. ಅಕ್ಕ ನಿನ್ನಮ್ಮ. ನಾನು ಚಿಕ್ಕಮ್ಮ, ಚಿ...ಕ್ಕ...ಮ್ಮ" ಅಂತ ತಂಗಿ ತಿದ್ದುತ್ತಿದ್ದಳು. ತಿದ್ದುವಾಗ ಅವಳ ಮುಖ ಅರಳಿರುತ್ತಿತ್ತು. ಅಕ್ಕ ಅದನ್ನು ನೋಡಿಯೂ ನೋಡದವಳಂತೆ ಇರುತ್ತಿದ್ದಳು.

ಒಂದು ಸಂಜೆ ಗುಂಡ ಹೊಸ್ತಿಲಿಗೆ ಎಡವಿ ಬಿದ್ದ. ತುಟಿ ಒಡೆದು ರಕ್ತ ಬಂತು. ಅವಳು ಮಿಷನ್ ಬಿಟ್ಟು ಒಂದೇ ನೆಗೆತಕ್ಕೆ ಹೋಗಿ ಎತ್ತಿಕೊಂಡಳು. ಅವನು ಬೆನ್ನು ಬಿಲ್ಲಿನಂತೆ ಬಾಗಿಸಿ, ಅವಳ ಎದೆಯನ್ನು ಕೈಯಿಂದ ನೂಕುತ್ತ, ಅಡುಗೆಮನೆಯ ಕಡೆ ತೋಳು ಚಾಚಿ "ಅಮ್ಮಾ" ಅಂತ ಚೀರಿದ. ತಂಗಿ ಒದ್ದೆ ಕೈಯಲ್ಲೇ ಓಡಿ ಬಂದಳು. ಅವಳ ಹೆಗಲಿಗೆ ಹೋದದ್ದೇ ತಡ, ಅಳು ನಿಂತಿತು.

ಅಕ್ಕ ಮರಳಿ ಮಿಷನ್ನಿಗೆ ಬಂದು ಕೂತಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ದಿಂಬಿನ ಕವರಿನ ನಾಲ್ಕೂ ಬದಿಯನ್ನು ಹೊಲಿದು ಬಾಯಿ ಮುಚ್ಚಿಬಿಟ್ಟಿದ್ದಳು. ಹೊಲಿಗೆ ಬಿಚ್ಚುತ್ತ ಕೂತಾಗ ಕಣ್ಣು ಮಂಜಾಯಿತು. ದಾರ ಕಾಣಿಸಲಿಲ್ಲ.

ಆಗಲೇ ಹತ್ತಿಯವರು ಒಂದು ಸಂಬಂಧದ ಸುದ್ದಿ ತಂದದ್ದು. ಹತ್ತಿಯವರೆಂದರೆ ಕೌದಿಗೆ ಹಿಂಜಿದ ಹತ್ತಿ ತಂದುಕೊಡುವ ಮುದುಕ. ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ ಅಂಟಿಸಿಕೊಂಡೇ ಊರು ಸುತ್ತುವವರು.

"ಗಡಿಯಾರ ರಿಪೇರಿ ಮಾಡ್ತಾನಮ್ಮ. ಹೆಂಡತಿ ತೀರಿಕೊಂಡಿದ್ದಾಳೆ, ಎರಡು ಹೆಣ್ಣುಮಕ್ಕಳು. ಗಟ್ಟಿ ಮಾತಾಡಿದರೆ ಗಡಿಯಾರ ಎಲ್ಲಿ ನಿಂತುಹೋಗುತ್ತೋ ಅನ್ನೋ ಥರದ ಮನುಷ್ಯ. ನಿನ್ನ ತಂಗಿಗೆ ಕೇಳಿ ನೋಡು. ಇನ್ನೊಬ್ಬರ ಮನೇಲಿ ಎಷ್ಟು ದಿನ ಅಂತ ಇರ್ತಾಳೆ?"

"ಇದು ಇನ್ನೊಬ್ಬರ ಮನೆ ಅಲ್ಲ" ಅಂದಳು ಅಕ್ಕ. ಆದರೂ ಮಾತು ಮನಸ್ಸಿನಲ್ಲಿ ಕೂತಿತು.

ತಂಗಿ ಖಡಾಖಂಡಿತ ಬೇಡವೆಂದಳು. "ಒಂದು ಸಲ ಆಗಿದ್ದೇ ಸಾಕಕ್ಕ. ನಾನು ಇಲ್ಲೇ ಚೆನ್ನಾಗಿದ್ದೀನಿ."

"ನಾವು ಇರೋವರೆಗೆ ಸರಿ. ಆಮೇಲೆ? ನಿನ್ನದೂ ಅಂತ ಒಂದು ಮನೆ ಬೇಡವೇನೇ?"

"ಗುಂಡನ್ನ ಬಿಟ್ಟು ನಾನು ಹೇಗೆ ಹೋಗಲಿ? ಅವನು ನನ್ನ ಬಿಟ್ಟು ಇರ್ತಾನಾ?"

"ಅವನು ನನ್ನ ಮಗ ಕಣೇ."

ಆಡಬೇಕೆಂದು ಆಡಿದ ಮಾತಲ್ಲ. ಬಾಯಿ ತಪ್ಪಿ ಬಂದುಬಿಟ್ಟಿತ್ತು. ತಂಗಿ ಮಡಚುತ್ತಿದ್ದ ಕೌದಿಯನ್ನು ಮಡಚಿ ಮುಗಿಸಿದಳು, ಅಂಚಿಗೆ ಅಂಚು ಸರಿಯಾಗಿ ಕೂಡಿಸಿ. ಆಮೇಲೆ ಹೇಳಿದಳು: "ಹೌದಲ್ವಾ. ಹತ್ತಿಯವರಿಗೆ ಆಗಲಿ ಅಂತ ಹೇಳಿಬಿಡು."

"ನಾನು ಆ ಅರ್ಥದಲ್ಲಿ ಹೇಳಲಿಲ್ಲ ಕಣೇ..."

"ಗೊತ್ತಕ್ಕ."

ತಂಗಿಯ ಬಾಳು ನೆಟ್ಟಗಾಗಲಿ ಅಂತ ಅವಳು ಬಯಸಿದ್ದು ಸುಳ್ಳಲ್ಲ. ಗುಂಡ ತನ್ನ ಕೈಗೆ ಬರಲಿ ಅಂತ ಬಯಸಿದ್ದೂ ಸುಳ್ಳಲ್ಲ.

ಮದುವೆ ಸದ್ದುಗದ್ದಲವಿಲ್ಲದೆ ರಿಜಿಸ್ಟರಾಯಿತು. ಗುಂಡನನ್ನು ಪಕ್ಕದ ಮನೆಯಲ್ಲಿ ಆಡಲು ಬಿಟ್ಟು ತಂಗಿಯನ್ನು ಬಸ್ಸು ಹತ್ತಿಸಿದರು. ಅವನು ಮನೆಗೆ ಬಂದವನೇ ಬಾಗಿಲ ಸಂದಿ, ಬಚ್ಚಲುಮನೆ, ಹತ್ತಿಯ ಮೂಟೆಗಳ ಹಿಂದೆ ಎಲ್ಲ ಹುಡುಕಿದ. ಮೊದಮೊದಲು ನಗುತ್ತ ಹುಡುಕಿದ. ಅವಳು ಬಚ್ಚಿಟ್ಟುಕೊಂಡಿದ್ದಾಳೆ ಅಂದುಕೊಂಡಿದ್ದ. ಆಮೇಲೆ ನಗು ನಿಂತಿತು.

ಬಾಗಿಲ ಬಳಿ ಕೂತ ಮಗು ಅಲ್ಲಿಂದ ಕದಲಲೇ ಇಲ್ಲ. ಬೀದಿಯಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ "ಅಮ್ಮ" ಅಂತ ಎದ್ದು ನಿಲ್ಲುತ್ತಿದ್ದ, ಯಾರೋ ಹಾದು ಹೋದರೆ ಮತ್ತೆ ಕೂರುತ್ತಿದ್ದ. ತುತ್ತು ಬಾಯಿಗಿಟ್ಟರೆ ಉಗುಳುತ್ತಿದ್ದ. ಅತ್ತು ಅತ್ತು ದನಿ ಬಿದ್ದುಹೋಯಿತು. ಫೋನಿನಲ್ಲಿ ತಂಗಿಯ ದನಿ ಕೇಳಿಸಿದ ದಿನವಂತೂ ಫೋನನ್ನು ಅವುಚಿಕೊಂಡು ನೆಲದಲ್ಲಿ ಹೊರಳಾಡಿಬಿಟ್ಟ. "ಸ್ವಲ್ಪ ದಿನ ಅವನ ಕೈಗೆ ಫೋನು ಕೊಡೋದು ಬೇಡ" ಅಂದ ಗಂಡ, ಬೇರೆ ಕಡೆ ನೋಡುತ್ತ.

ಅವಳು ಹಾಸಿಗೆ ಅಂಗಡಿಯವರಿಗೆ ಹೇಳಿಕಳಿಸಿ ಕೆಲಸ ನಿಲ್ಲಿಸಿದಳು. ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿ, ಮಗನ ಎದುರಿಗೆ ನೆಲದ ಮೇಲೆ ಕೂತಳು. ಮುಟ್ಟಲು ಹೋಗಲಿಲ್ಲ, ಸುಮ್ಮನೆ ಕೂತಳು. ಬಣ್ಣದ ಚಿಂದಿಗಳಲ್ಲಿ ಮೊಲ ಕಟ್ಟಿದಳು, ಬೆಕ್ಕು ಕಟ್ಟಿದಳು. ಬೆಕ್ಕು ನಾಯಿಯಂತೆ ಕಾಣುತ್ತದೆ ಅಂತ ಚಿನ್ನಿ ನಕ್ಕಳು. ಗುಂಡ ನಗಲಿಲ್ಲ. ಆದರೆ ನೋಡಿದ. ಎಷ್ಟೋ ದಿನಗಳ ಮೇಲೆ ಅವಳ ಕೈಯ ತುತ್ತು ಬಾಯಿಗೆ ತೆಗೆದುಕೊಂಡ. ಇನ್ನೂ ಎಷ್ಟೋ ದಿನಗಳ ಮೇಲೆ, ನೀರು ಬೇಕಾದಾಗ, ಅವಳ ಸೆರಗು ಜಗ್ಗಿ, "ಅಮ್ಮ, ನೀರು" ಅಂದ.

ಅವಳು ಲೋಟ ತುಂಬಿಕೊಟ್ಟಳು. ಅವನು ಗಟಗಟ ಕುಡಿದು ಆಟಕ್ಕೆ ಹೋದ. ಅವಳು ಅಡುಗೆಮನೆಯ ಗೋಡೆ ಹಿಡಿದು ನಿಂತೇ ಇದ್ದಳು. ಕಾದು ಕಾದು ಪಡೆದ ಮಾತು. ಕೈಗೆ ಬಂದಾಗ ಬೇರೆಯವರ ಮನೆಯಿಂದ ಎತ್ತಿಕೊಂಡು ಬಂದ ಹಾಗೆ ಅನ್ನಿಸಿತು.

ತಂಗಿ ಮಾತ್ರ ಫೋನಿನಲ್ಲಿ ಯಾವಾಗಲೂ, "ಚೆನ್ನಾಗಿದ್ದೀನಕ್ಕ" ಅನ್ನುತ್ತಿದ್ದಳು. ಗಡಿಯಾರದವನು ನಿಜಕ್ಕೂ ಮೆತ್ತಗಿನ ಮನುಷ್ಯನಂತೆ. ಹುಡುಗಿಯರು ಬೆಳೆದವರು, ಇವಳನ್ನು 'ಆಂಟಿ' ಅನ್ನುತ್ತಾರಂತೆ. "ಅವರ ತಪ್ಪೇನಿದೆ? ಅವರಮ್ಮನ ಫೋಟೋ ಎದುರಿಗೇ ಇದೆಯಲ್ಲ" ಅಂದಿದ್ದಳು ಒಮ್ಮೆ. ಆಮೇಲೆ, ದನಿ ತಗ್ಗಿಸಿ, "ಗುಂಡ ನನ್ನ ಕೇಳ್ತಾನಾ?"

"ಕೇಳ್ತಾನೆ" ಅಂದಳು ಅಕ್ಕ. ಆಗ ಅವನು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ತಂಗಿ ಬಂದದ್ದು ಮಾರನೆಯ ವರ್ಷ, ಬಿಸಿಲಿನ ದಿನ. ಚಿನ್ನಿ "ಚಿಕ್ಕಮ್ಮಾ" ಅಂತ ಬೀದಿಗೇ ಓಡಿ ಸೊಂಟಕ್ಕೆ ಜೋತುಬಿದ್ದಳು. ತಂಗಿ ಚೀಲವನ್ನು ಬಾಗಿಲಲ್ಲೇ ಬಿಟ್ಟು, ಮಂಡಿಯೂರಿ, ಎರಡೂ ಕೈ ಚಾಚಿದಳು. "ಬಾರೋ ನನ್ನ ರಾಜ."

ಗುಂಡ ತಾಯಿಯ ಹಿಂದೆ ಸರಿದು ಅವಳ ಸೀರೆಯಲ್ಲಿ ಮುಖ ಹುದುಗಿಸಿದ. "ಅಮ್ಮ, ಯಾರಿದು?" ಅಂದ.

"ಹೋಗೋ, ಹೋಗು ಮರಿ" ಅಂತ ಅಕ್ಕ ಅವನ ಬೆರಳು ಬಿಡಿಸಿ ಮುಂದಕ್ಕೆ ತಳ್ಳಿದಳು. ಅವನು ಅಳತೊಡಗಿದ. ಅವಳಿಗೆ ಸಿಟ್ಟು ಬಂತು. ಮಗನ ಮೇಲೋ ತನ್ನ ಮೇಲೋ ತಿಳಿಯಲಿಲ್ಲ. "ನಿನ್ನ ಎತ್ತಿ ಆಡಿಸಿದವಳು ಕಣೋ! ಹೋಗು ಅಂದ್ರೆ!"

"ಬಿಡಕ್ಕ, ಪಾಪ ಹೆದರಿದ್ದಾನೆ" ಅಂದಳು ತಂಗಿ. ಚಾಚಿದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ, ಚೀಲದ ಹಿಡಿಕೆ ಹಿಡಿದುಕೊಂಡಳು.

ಮಧ್ಯಾಹ್ನ ಗುಂಡ ಮಲಗಿದ. ತಂಗಿ ಹೋಗಿ ಪಕ್ಕದಲ್ಲಿ ಕೂತು, ಅವನ ಹಣೆಯ ಬೆವರು ಒರೆಸುತ್ತ, ಬೆಳೆದ ಪಾದಗಳನ್ನು ಅಂಗೈಯಲ್ಲಿ ಅಳೆಯುತ್ತ ಇದ್ದಳು. ಅಕ್ಕ ಬಂದು ಅವಳ ಹೆಗಲ ಮೇಲೆ ಕೈಯಿಟ್ಟಳು.

"ಅವತ್ತು ನಾನು ಹಾಗೆ ಅನ್ನಬಾರದಿತ್ತು."

"ಇದ್ದದ್ದನ್ನೇ ಹೇಳಿದೆ ನೀನು" ಅಂದಳು ತಂಗಿ. ಸಿಟ್ಟಿರಲಿಲ್ಲ ದನಿಯಲ್ಲಿ. "ಆದರೂ ನನಗೆ ಸ್ವಲ್ಪ ದಿನ ಅದು ಮರೆತುಹೋಗಿತ್ತು ನೋಡು. ಆ ದಿನಗಳು ಚೆನ್ನಾಗಿದ್ವು."

ಬಿಸಿಲು ಇಳಿಯುವ ಮುಂಚೆಯೇ ಅವಳು ಹೊರಟು ನಿಂತಳು.

"ಅವನು ಎದ್ದ ಮೇಲೆ ಹೋಗೇ. ಈ ಸಲ ಬರ್ತಾನೆ ನಿನ್ನ ಹತ್ತಿರ."

"ಬೇಡಕ್ಕ. ಎದ್ದು ನನ್ನ ನೋಡಿ ಮತ್ತೆ ಅತ್ತರೆ ನನ್ನ ಕೈಲಿ ತಡೆಯೋಕಾಗಲ್ಲ."

ಚಿನ್ನಿ ಬೀದಿಯ ತಿರುವಿನವರೆಗೂ ಅವಳ ಬೆರಳು ಹಿಡಿದು ಹೋದಳು. ಅಕ್ಕ ಬಾಗಿಲಲ್ಲಿ ನಿಂತು, ಇಬ್ಬರೂ ಕಾಣುವವರೆಗೆ ನೋಡುತ್ತಿದ್ದಳು. ಒಳಗಿನಿಂದ ಗುಂಡ ನಿದ್ದೆಗಣ್ಣಲ್ಲೇ ಕರೆದ, "ಅಮ್ಮಾ."

ಅವಳು ಇನ್ನೊಮ್ಮೆ ಬೀದಿಯ ತಿರುವಿನ ಕಡೆ ನೋಡಿ, ಆಮೇಲೆ ಓ ಅಂದಳು.