ಹೋಲಿಕೆಯ ಮರಗಳು

ನಕ್ಷೆ ಬರೆಯುವಾಕೆ ದೊಡ್ಡ ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿ, ಮೂಲೆಗಳಿಗೆ ಬೀಜದ ಡಬ್ಬಿಗಳನ್ನು ಇಟ್ಟಳು.

"ಮೇಡಂ, ಸತ್ತ ಪಾಮ್ ಮರಗಳಿಗೆ ಕೆಂಪು ಚುಕ್ಕಿ. ನೀವು ಪರೀಕ್ಷೆಗೆ ಗರಿ ಕೊಯ್ದ ಮರಗಳಿಗೆ ನೀಲಿ. ನೀಲಿ ಹಾಕೋಕೆ ಜಾಗಾನೇ ಇಲ್ಲ."

"ಯಾಕೆ?"

"ಎಲ್ಲಾ ಕೆಂಪಿನ ಮೇಲೇ ಬೀಳ್ತಿದೆ."

ನಗುತ್ತಲೇ ಕನ್ನಡಕ ಹಾಕಿಕೊಂಡೆ. ನಗು ಅಲ್ಲೇ ನಿಂತಿತು. ಕಾಯಿಲೆಯ ಮರದ್ದೊಂದು ಗರಿ, ಹೋಲಿಕೆಗೆ ಪಕ್ಕದ ಆರೋಗ್ಯವಂತ ಮರದ್ದೊಂದು ಗರಿ. ನಗರದ ಮರರೋಗ ತಜ್ಞೆಯಾಗಿ ಇಪ್ಪತ್ತಾರು ವರ್ಷ ಬೀದಿಮರಗಳನ್ನೂ ಪಾಮ್‌ಗಳನ್ನೂ ನಾನು ಓದಿದ್ದು ಹೀಗೆಯೇ. ಹೋಲಿಕೆಯ ಪಾಮ್‌ಗಳಲ್ಲಿ ಒಂದೂ ಉಳಿದಿರಲಿಲ್ಲ. ನಾನು ಕಾಲಿಡದ ಆಸ್ಪತ್ರೆ ರಸ್ತೆಯಲ್ಲಿ ಮಾತ್ರ ನಲವತ್ತು ಪಾಮ್‌ಗಳೂ ಹಸಿರಾಗಿದ್ದವು.

ಗರಗಸಕ್ಕೆ ಅಂಟಿದ ರೋಗ ಹರಡದಂತೆ, ಒಂದು ಮರದಿಂದ ಇನ್ನೊಂದಕ್ಕೆ ಹೋಗುವ ಮೊದಲು ಅದನ್ನು ಬ್ಲೀಚ್ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಬೇಕು. ತೋಟಗಾರರಿಗೆ ಈ ಪಾಠ ಹೇಳಿದವಳೇ ನಾನು. ನನ್ನ ಗರಗಸವನ್ನು ಮಾತ್ರ ಅದ್ದಿ ತೆಗೆದರೆ ಮುಗಿಯಿತು. ದಿನಕ್ಕೆ ಮೂವತ್ತು ಮರ ನೋಡುವವಳಿಗೆ ಪುರುಸೊತ್ತೆಲ್ಲಿ?

ಇನ್ನು ಹತ್ತು ನಿಮಿಷಕ್ಕೆ ವಿಚಾರಣೆಯ ಸಭೆ. ಅಲ್ಲಿ ಕೊಡಬೇಕಿದ್ದ ವರದಿ ಪಕ್ಕದಲ್ಲೇ ಇತ್ತು. ರೋಗ ಹರಡಿದ್ದು ಮುಖ್ಯ ತೋಟಗಾರನ ಕೊಳಕು ಗರಗಸದಿಂದ, ಅವನನ್ನು ಕೆಲಸದಿಂದ ತೆಗೆಯಬೇಕು ಎಂದು ಬರೆದು ಸಹಿಯನ್ನೂ ಹಾಕಿದ್ದೆ.

ಅವನು ಸಭಾಕೊಠಡಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದ.

"ಏನಕ್ಕಾ, ತೀರ್ಪು ಬರೆದಾಯ್ತಾ? ನನ್ನ ಹೆಂಡ್ತಿ ಆಗ್ಲೇ ಯೂನಿಫಾರ್ಮ್ ಹರಿದು ನೆಲ ಒರೆಸೋ ಬಟ್ಟೆ ಮಾಡ್ಕೊಂಡಿದ್ದಾಳೆ."

"ಆ ಮರಗಳನ್ನ ಕೊಂದಿದ್ದು ನಾನು ಕಣಪ್ಪಾ. ನನ್ನ ಗರಗಸ."

ನಾನು ಚಾಚಿದ ನಕ್ಷೆಯನ್ನು ಅವನು ನೋಡಲೇ ಇಲ್ಲ. ನನ್ನ ಕೈಗಳನ್ನು ನೋಡಿದ.

"ಎಷ್ಟು ಮರ?"

"ಇನ್ನೂರ ಹನ್ನೊಂದು."

"ಅದ್ರಲ್ಲಿ ಅರ್ಧ ನಾನು ನೆಟ್ಟಿದ್ದು."

ಬಯ್ಯುತ್ತಾನೆ ಎಂದುಕೊಂಡೆ. ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ, ಅಷ್ಟೇ. ಬಾಗಿಲು ತೆರೆಯಿತು. ಒಳಗಿನಿಂದ ಅವನನ್ನು ಕರೆದರು. ಅವನು ಏಳುವ ಮೊದಲೇ ನಾನು ಒಳಗೆ ನುಗ್ಗಿದೆ. ಅವನೂ ಹಿಂದೆಯೇ ಬಂದ.

"ವರದಿ ಸುಳ್ಳು," ಎಂದೆ. "ರೋಗ ಹರಡಿದ್ದು ಇವನಲ್ಲ, ನಾನು."

ಸಭೆಯ ಅಧ್ಯಕ್ಷರು ತಾವು ಎತ್ತಿದ್ದ ಲೋಟವನ್ನು ನನ್ನತ್ತ ಸರಿಸಿದರು. ಮೆಲ್ಲಗೆ ಹೇಳಿದರು, "ಮೇಡಂ, ನಿಮಗೆ ಸುಸ್ತಾಗಿದೆ. ಕೂತ್ಕೊಳ್ಳಿ, ನೀರು ಕುಡೀರಿ. ಇದನ್ನ ಆಮೇಲೆ ನೋಡೋಣ."

ನನ್ನ ಬೆನ್ನ ಹಿಂದೆ ತೋಟಗಾರನ ದನಿ ಕೇಳಿಸಿತು.

"ನೀರು ಆಮೇಲೆ ಕುಡೀಲಿ ಸಾರ್. ಮೊದಲು ಅವರು ಹೇಳಿದ್ದನ್ನ ಬರ್ಕೊಳ್ಳಿ."