ಬಾಯಿಪಾಠ

"ಬಾಯಿ ತಡ ಆಯ್ತು, ಫೋಲ್ಕ್‌ಮಾರ್. ಇನ್ನೊಂದ್ಸಲ."

ಕತ್ತಲಲ್ಲಿ ಕುಳಿತು ತಾಲೀಮು ನಡೆಸುತ್ತಿದ್ದ ಟೀವಿ ನಿರ್ದೇಶಕಿ ಗೆರ್‌ಲಿಂಡೆಯ ದನಿ. ಫೋಲ್ಕ್‌ಮಾರ್ ಮತ್ತೆ ಬೆಳಕಿನಡಿ ಬಂದು ನಿಂತ. ಮೂವತ್ತು ವರ್ಷದ ಹಿಂದೆ ರೆಕಾರ್ಡ್ ಆದ ಅವನದೇ ದನಿಯ ಹಾಡು ಜರ್ಮನಿಯ ಸುಹ್ಲ್ ಊರಿನ ಸಭಾಂಗಣದಲ್ಲಿ ಹಾಯಾಗಿ ಹೊರಟಿತು. ಈಗಿನ ತುಟಿಗಳು ಅದರ ಹಿಂದೆ ಏದುಸಿರು ಬಿಡುತ್ತ ಓಡಿದವು.

"ಈ ಸಲ ಹೊಸದು ಹಾಡ್ತೀನಿ ಅಂದಿದ್ನಲ್ಲ. ಒಂದು ಪಿಯಾನೋ ಸಾಕು. ನಿಜವಾಗ್ಲೂ ಹಾಡ್ತೀನಿ."

"ನೋಡೋಣ."

"ಹೋದ ವರ್ಷಾನೂ ನೋಡೋಣ ಅಂದ್ರಿ."

"ಟೀವಿ ಜನಕ್ಕೆ ಹಳೇದೇ ಬೇಕು. ಅದ್ರಲ್ಲೂ ನಿಮ್ಮ ಗಂಟಲು... ಹೋಗ್ಲಿ, ಕಾಫಿ ಕುಡಿದ್ರಾ?"

ಅವನು ಕುಡಿದಿರಲಿಲ್ಲ. ಕುಡಿದೆ ಎಂದ.

ಧಾರಾವಾಹಿಯೊಂದರಲ್ಲಿ ಬಹುಕಾಲ ಪಾದ್ರಿಯಾಗಿದ್ದವನು ಅವನು. ರೈಲಿನಲ್ಲಿ ಜನ ಇಂದಿಗೂ ಅವನೆದುರು ಪಾಪ ತೋಡಿಕೊಳ್ಳುತ್ತಾರೆ. ಯಾರು ಯಾರದೋ ಚಿತ್ರಗಳಿಗೆ ಸಂಗೀತ ಕೂಡಿಸಿದ್ದಾನೆ. ತನ್ನದೆಂದು ಉಳಿದದ್ದು ಹೆಂಡತಿ ಇರ್ಮೆಲಾ ಸತ್ತ ಮೇಲೆ ಕಟ್ಟಿದ ಈ ಹೊಸ ಹಾಡೊಂದೇ. ಅದನ್ನು ಯಾರ ಮುಂದಾದರೂ ಒಮ್ಮೆ ಹಾಡದಿದ್ದರೆ ತಾನು ಬದುಕಿದ್ದಕ್ಕೆ ಗುರುತೇ ಇಲ್ಲ ಎನ್ನಿಸಿ ಭಯವಾಗುತ್ತಿತ್ತು.

ಸಂಜೆ ಸಭಾಂಗಣ ತುಂಬಿತು. ಕೈಗೆ ಮೈಕ್ ಕೊಟ್ಟರು. ಅದಕ್ಕೆ ಜೀವವಿರಲಿಲ್ಲ. ರೆಕಾರ್ಡಿಗೆ ತುಟಿ ಆಡಿಸುವುದನ್ನು ಇಲ್ಲಿ ಯಾರೂ ಮೋಸ ಎಂದುಕೊಳ್ಳುವುದಿಲ್ಲ.

ಹಳೆಯ ಹಾಡು ಶುರುವಾಯಿತು. ಜನ ಪಕ್ಕದವರ ತೋಳಿಗೆ ತೋಳು ಹೆಣೆದು ಎಡಕ್ಕೂ ಬಲಕ್ಕೂ ತೂಗತೊಡಗಿದರು. ಫೋಲ್ಕ್‌ಮಾರ್ ಹೊಸ ಹಾಡನ್ನು ಎತ್ತಿಕೊಂಡ. ಗಂಟಲು ಬಿಚ್ಚಿ ಹಾಡಿದ. ಹಳೆಯ ದನಿಯ ಅಬ್ಬರದಲ್ಲಿ ಅವನ ದನಿ ಅವನಿಗೇ ಕೇಳಿಸಲಿಲ್ಲ. ಆದರೂ ಎದೆ ಹಗುರಾಯಿತು, ಅಳು ಬಂತು.

ಮುಂದಿನ ಸಾಲಿನ ಮುದುಕಿಯೊಬ್ಬಳು ತೂಗುವುದನ್ನು ನಿಲ್ಲಿಸಿ ಅವನ ತುಟಿಗಳನ್ನೇ ನೋಡಿದಳು.

ಒಬ್ಬರಿಗಾದರೂ ತಿಳಿಯಿತು! ಅವನು ಅವಳತ್ತ ಬಾಗಿ, ಅವಳಿಗಾಗಿಯೇ ಹಾಡಿದ. ಅವಳ ಮುಖದ ತುಂಬ ಕರುಣೆ. ಪಕ್ಕದವಳನ್ನು ತಿವಿದು ಏನೋ ಅಂದಳು. ದಿನವಿಡೀ ತುಟಿಗಳ ಕೆಲಸವನ್ನೇ ಮಾಡಿದ್ದ ಅವನಿಗೆ ಅವಳ ತುಟಿಗಳನ್ನು ಓದುವುದು ಕಷ್ಟವಾಗಲಿಲ್ಲ.

"ಪಾಪ, ಹಾಡು ಮರ್ತೋಗಿದೆ ಕಣೇ."

ಆಮೇಲೆ ಮಗುವಿಗೆ ತುತ್ತು ತಿನ್ನಿಸುವವಳ ಹಾಗೆ ತನ್ನ ಬಾಯನ್ನು ಅಗಲಿಸಿ, ಹಳೆಯ ಹಾಡಿನ ಒಂದೊಂದೇ ಮಾತನ್ನು ಅವನಿಗೆ ತೋರಿಸತೊಡಗಿದಳು. ಪಕ್ಕದವಳೂ ತೋರಿಸಿದಳು. ಸಾಲಿಗೆ ಸಾಲೇ ಬಾಯಿ ತೆರೆಯಿತು. ಕ್ಯಾಮೆರಾ ಹತ್ತಿರ ಬಂತು. ಅವನ ಬಾಯಿಯೂ ತೆರೆದೇ ಇತ್ತು. ಅದರಲ್ಲಿ ಈಗ ಯಾವ ಹಾಡಿದೆಯೆಂದು ಅವನಿಗೆ ತಿಳಿಯಲಿಲ್ಲ.